ಗ್ವಾದಲಿಯ ಹುಳ, ಗೋಡೆಯಾಚೆಯ ಸೀನು

ಬೆಳಗಿನ ಐದೂವರೆ. ಕದರಮಂಡಲಗಿಯ ಓಣಿಯೊಂದರ ಮಣ್ಣಿನ ಮಾಳಿಗೆಯ ಮನೆಯಲ್ಲಿ ಫಕ್ಕೀರವ್ವನ ಬಲಗೈ ಮೊಣಕೈವರೆಗೂ ಗ್ವಾದಲಿಯೊಳಗೆ ಹೋಗಿದೆ. ಮನೆಯಲ್ಲಿ ಎತ್ತುಗಳಿದ್ದ ಕಾಲಕ್ಕೆ ಅವುಗಳ ಮೇವಿಗೆಂದು ಕಟ್ಟಿದ ಗ್ವಾದಲಿ ಅದು. ಈಗ ಅದರ ತುಂಬ ಹಳೆಯ ಸಗಣಿ, ಬಾಳೆದಿಂಡು, ಜೋಳದ ಒಣಗಿದ ಗರಿ ರವದಿ. ಆಕೆ ಕೈಯನ್ನು ಮೆಲ್ಲಗೆ ಹೊರಗೆ ತೆಗೆದಾಗ ನೋಡಲು ಬಂದವರು ತಮಗೇ ಗೊತ್ತಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಬೆರಳ ಸಂದಿಯಲ್ಲಿ, ಹಸಿರು ಬಳೆಗಳ ನಡುವೆ, ಮುಂಗೈ ತುಂಬ ಕೆಂಪು ಎರೆಹುಳುಗಳು ಸುತ್ತಿಕೊಂಡು ಜೋತಾಡುತ್ತಿವೆ.

"ಅಂಜಬ್ಯಾಡ್ರಿ, ಕಚ್ಚೂದಿಲ್ಲ. ಹಲ್ಲಿಲ್ಲ, ಕಣ್ಣಿಲ್ಲ, ಕಿವಿ ಇಲ್ಲ. ಇಂಥಾ ಬಡಪಾಯಿ ಜೀವ ಇನ್ನೊಂದಿಲ್ಲ ನೋಡ್ರಿ" ಎನ್ನುತ್ತ ಫಕ್ಕೀರವ್ವ ಒಂದೊಂದನ್ನೇ ಬಳೆಯಿಂದ ಬಿಡಿಸಿ ಗ್ವಾದಲಿಗೆ ಇಳಿಸುತ್ತಾಳೆ. ಆಮೇಲೆ ಒಂದು ಹಿಡಿ ಗೊಬ್ಬರ ತೆಗೆದು ಮುಷ್ಟಿ ಬಿಗಿಯುತ್ತಾಳೆ. ಬೆರಳ ಸಂದಿಯಿಂದ ಎರಡು ಹನಿ ನೀರು ಬೀಳಬೇಕು. ಒಂದೂ ಬೀಳದಿದ್ದರೆ ಹುಳ ಒಣಗುತ್ತದೆ, ನಾಲ್ಕು ಬಿದ್ದರೆ ಉಸಿರುಗಟ್ಟುತ್ತದೆ. ಇವತ್ತು ಒಂದೇ ಹನಿ ಬಿತ್ತು. ಆಕೆಯ ಮುಖ ಸಣ್ಣದಾಗುತ್ತದೆ.

ಎರೆಹುಳು ಸಾಕುವುದು ತಂಪು ಸೀಮೆಯವರಿಗೆ ಅಂಥ ದೊಡ್ಡ ಮಾತಲ್ಲ. ಏಪ್ರಿಲ್ ಬಂದರೆ ನೆರಳಲ್ಲೂ ಬೆವರಿಳಿಸುವ ಈ ಎರೆಭೂಮಿಯಲ್ಲಿ, ಅದೂ ಮನೆಯೊಳಗೆ ಸಾಕುತ್ತೇನೆಂದರೆ ಯಾರೂ ನಂಬುವುದಿಲ್ಲ. ನಾಲ್ಕು ಗ್ವಾದಲಿ, ದಿನಕ್ಕೆ ಹನ್ನೆರಡು ಕೊಡ ನೀರು. ನಸುಕಿಗೆ, ಹತ್ತಕ್ಕೆ, ಎರಡಕ್ಕೆ, ಹೊತ್ತು ಮುಳುಗುವಾಗ ಹೀಗೆ ನಾಲ್ಕು ಸಲ ಚಿಮುಕಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಮೇಲಿನ ಹೊದಿಕೆ. ಹಸಿ ಮಾಡಿದ ತಟ್ಟಿನ ಚೀಲ, ಅಂದರೆ ಗೋಣಿಚೀಲ, ಮೇಲಿದ್ದರೆ ಹೊರಗೆ ನಲವತ್ತು ಡಿಗ್ರಿ ಇದ್ದಾಗಲೂ ಒಳಗೆ ಮೂವತ್ತು ದಾಟುವುದಿಲ್ಲ. ಚೀಲ ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಹುಳ ಬೆಂದುಹೋಗುತ್ತವೆ.

ಹಳೆಯ ಚೀಲಗಳು ಗೊಬ್ಬರದ ಹಸಿಗೆ ಕೊಳೆತು ಕೈಗೆ ಚೂರುಚೂರಾಗಿ ಬರುತ್ತಿವೆ. ನಿನ್ನೆ ರಾಣೆಬೆನ್ನೂರಿನಿಂದ ಹತ್ತು ಹಳೆ ಚೀಲಗಳ ಕಟ್ಟು ಬಂದಿದೆ. ತೊಳೆದು ಒಣಗಿಸಿದ್ದಾಗಿದೆ. ಬಿಸಿಲು ಏರುವುದರೊಳಗೆ ಗ್ವಾದಲಿ ಮುಚ್ಚಬೇಕು. ಆದರೆ ಆ ಚೀಲಗಳು ಇನ್ನೂ ಪರೀಕ್ಷೆ ಪಾಸಾಗಿಲ್ಲ. ಆ ಪರೀಕ್ಷೆ ಯಾವುದು ಎಂದು ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ದಂಗಾಗುತ್ತಾರೆ.

ಅದಕ್ಕೆ ಮೊದಲು ಫಕ್ಕೀರವ್ವನ ಮೂಗಿನ ಕತೆ ಹೇಳಬೇಕು. ಐವತ್ತನಾಲ್ಕು ವಯಸ್ಸಿನ ಈಕೆ ಇಪ್ಪತ್ತೆರಡು ವರ್ಷ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಿದವಳು. ಬೆಳಿಗ್ಗೆ ಏಳಕ್ಕೆ ಓಣಿಯ ಹೆಂಗಸರ ಜೊತೆ ಟಂಟಂ ಆಟೊ ಹತ್ತಿದರೆ ಮರಳುವುದು ಸಂಜೆಗೆ. ಕಾಲು ಚಾಚಿ ಕುಳಿತು, ಕೆಂಪು ರಾಶಿಯಿಂದ ಒಂದೊಂದೇ ಕಾಯಿ ತೆಗೆದು, ತುಂಬು ಮುರಿದು, ಆಚೆ ಹಾಕಬೇಕು. ಸೆರಗನ್ನು ಮೂಗಿಗೆ ಕಟ್ಟಿಕೊಂಡರೂ ದೂಳು ಕೇಳುತ್ತದೆಯೇ? ಮೊದಲ ವರ್ಷ ಕಣ್ಣೀರು ಸುರಿಯಿತು. ಎರಡನೆಯ ವರ್ಷ ನಿಂತಿತು. ಘಾಟು ರೂಢಿಯಾಯಿತು ಎಂದು ಆಕೆ ಖುಷಿಪಟ್ಟಳು. ಆಮೇಲೆ ಕೆಮ್ಮು ಬಂತು, ಹೋಗಲೇ ಇಲ್ಲ.

"ಹಾವೇರಿ ಡಾಕ್ಟರ್ ಹೇಳಿದ್ರು, ಯವ್ವಾ, ನೀ ಮೆಣಸಿನಕಾಯಿ ಬಿಡು, ಇಲ್ಲಾಂದ್ರ ಅದು ನಿನ್ನ ಬಿಡೂದಿಲ್ಲ ಅಂತ. ನಾ ಕೇಳಿದ್ನಿ, ಬಿಟ್ಟು ಮನ್ಯಾಗ ಕುಂತು ಏನ ಮಾಡ್ಲಿ ಅಂತ. ಅವರರ ಏನ ಹೇಳ್ತಾರ ಪಾಪ."

ಉತ್ತರ ಸಿಕ್ಕಿದ್ದು ರಾಣೆಬೆನ್ನೂರಿನ ಮೂರು ದಿನದ ತರಬೇತಿಯಲ್ಲಿ. ಕಲಿಸಿದವಳು ಮಹೇಶ್ವರಿ ಎಂಬ ಹುಡುಗಿ, ಮಗಳ ವಯಸ್ಸಿನವಳು. ಕೊನೆಯ ದಿನ ಒಂದು ಕಿಲೋ ಹುಳ ಹಾಕಿ ಒಂದು ಮಡಿಕೆ ಕೊಟ್ಟಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಫಕ್ಕೀರವ್ವ ಬಸ್ಸಿನಲ್ಲಿ ಕುಳಿತಿದ್ದಾಗ ಕಂಡಕ್ಟರ್ ಬಂದು, ಏನವ್ವಾ ಅದರಾಗ, ಮೊಸರೇನು ಎಂದ. ಅಲ್ಲಪ್ಪಾ, ಹುಳ, ಎಂದಳು ಈಕೆ. ತೆಗೆದು ತೋರಿಸಿದಳು ಕೂಡ. ಬ್ಯಾಡಗಿ ಬರುವವರೆಗೆ ಮೂವರ ಸೀಟಿನಲ್ಲಿ ಆಕೆಯೊಬ್ಬಳೇ ರಾಣಿಯ ಹಾಗೆ ಬಂದಳು.

ಊರಲ್ಲಿ ಗದ್ದಲವೇ ಆಯಿತು. ಹುಳ ಅಂದರೆ ಕಾಳಿಗೆ ಬೀಳುವುದು, ಗಾಯಕ್ಕೆ ಬೀಳುವುದು. ಹೆಂಗಸರು ಜಗಳಕ್ಕೆ ನಿಂತರೆ ಕಡೆಗೆ ಬರುವ ಬೈಗುಳವೇ 'ನಿನ್ನ ಬಾಯಾಗ ಹುಳ ಬೀಳ್ಲಿ' ಎಂಬುದು. ಅಂಥದನ್ನು ಕೈಯಾರೆ ತಂದು ಅಡುಗೆಮನೆಯಿಂದ ಹತ್ತು ಮಾರು ದೂರದಲ್ಲಿ ಇಡುತ್ತಾರೆಯೇ? ಗಂಡ ಕೊಟ್ರಪ್ಪ ಬ್ಯಾಡಗಿಯಲ್ಲಿ ಹಮಾಲ, ಕ್ವಿಂಟಲ್ ಚೀಲ ಬೆನ್ನಿಗೆ ಹೊರುವ ಗಂಡಾಳು. ಅವನು ಎಂಟು ದಿನ ಮನೆಯಲ್ಲಿ ಉಣ್ಣಲಿಲ್ಲ. "ರೊಟ್ಟಿ ಮುರದ್ರ ಸಾಕು, ಅದರಾಗೂ ಏನೋ ಹರದಾಡಿದಂಗ ಆಗ್ತಿತ್ರಿ" ಎಂದು ಈಗ ನಗುತ್ತಾನೆ. ಆಗ ನಕ್ಕಿರಲಿಲ್ಲ.

ಒಂದು ಕಿಲೋ ಹುಳ ಎರಡು ವರ್ಷದಲ್ಲಿ ಎಂಟು ಕಿಲೋ ಆಯಿತು. ಐವತ್ತು ದಿನಕ್ಕೊಮ್ಮೆ ಚಹದ ಪುಡಿಯಂಥ ಗೊಬ್ಬರ. ರಾಣೆಬೆನ್ನೂರಿನ ಸಸಿ ಬೆಳೆಸುವವರು ಮನೆಯವರೆಗೂ ಬಂದು ಒಯ್ಯತೊಡಗಿದರು. ಟಂಟಂ ಹಾರ್ನ್ ಹಾಕಿದರೂ ಫಕ್ಕೀರವ್ವ ಏಳಬೇಕಿರಲಿಲ್ಲ. ಆಗ ಬಂತು ಆ ಏಪ್ರಿಲ್.

ಎರಡು ವರ್ಷದ ಹಿಂದಿನ ಮಾತು. ಬಿಸಿಲು ನಲವತ್ತೊಂದಕ್ಕೆ ಮುಟ್ಟಿತ್ತು. ಗ್ವಾದಲಿಗೆ ಹಾಸಿದ್ದ ಒಣಹುಲ್ಲು ಗಳಿಗೆಯಲ್ಲಿ ಒಣಗುತ್ತಿತ್ತು. ಹೆಂಡತಿಯ ಚಡಪಡಿಕೆ ನೋಡಲಾರದೆ ಕೊಟ್ರಪ್ಪ ತಾನು ದುಡಿಯುವ ಅಡತಿ ಅಂಗಡಿಯಿಂದ ಹನ್ನೆರಡು ಹರಕು ಚೀಲ ಕೇಳಿ ತಂದ. ಅಂಗಡಿಯ ಮಲ್ಲೇಶಪ್ಪ ಸಂತೋಷದಿಂದಲೇ ಕೊಟ್ಟಿದ್ದರು. ಫಕ್ಕೀರವ್ವ ಅವನ್ನು ನೀರಲ್ಲಿ ಅದ್ದಿ, ಹಿಂಡಿ, ಕೂಸಿಗೆ ಹೊದಿಸುವಷ್ಟು ಅಕ್ಕರೆಯಿಂದ ನಾಲ್ಕೂ ಗ್ವಾದಲಿಗೆ ಹೊದಿಸಿ, ಇನ್ನ ತಣ್ಣಗಿರ್ರಿ ಎಂದು ಮಲಗಿದಳು.

ನಸುಕಿಗೆ ಎದ್ದು ಕಾಲು ಕೆಳಗಿಟ್ಟಾಗ ಅಂಗಾಲಿಗೆ ಮೆತ್ತಗೆ ಏನೋ ತಗುಲಿತು. ದೀಪ ಹಾಕಿದರೆ ನೆಲವೇ ಹರಿದಾಡುತ್ತಿದೆ! ಗೋಡೆಯ ಮೇಲೆ, ಕಂಬದ ಮೇಲೆ, ಬೀಸುವ ಕಲ್ಲಿನ ಸುತ್ತ, ಕೊಟ್ರಪ್ಪನ ಚಪ್ಪಲಿಯೊಳಗೆ, ಹೊಸ್ತಿಲಾಚೆ ಅಂಗಳದ ತುಂಬ, ಎಲ್ಲಿ ನೋಡಿದರೂ ಹುಳ. ಒಂದರ ಮೇಲೊಂದು ಹೊರಳಿ, ಮುರುಟಿ, ಓಡಲಾರದ ಜೀವಗಳು ಓಡುತ್ತಿದ್ದವು. ಫಕ್ಕೀರವ್ವ ಬುಟ್ಟಿ ತಂದಳು, ಮೊರ ತಂದಳು, ಎರಡೂ ಕೈಯಿಂದ ಬಾಚಿದಳು. ಬಾಚಿ ಎಲ್ಲಿಗೆ ಹಾಕುವುದು? ಗ್ವಾದಲಿಗೇ ಹಾಕಿದಳು. ಹಾಕಿದ್ದು ಮತ್ತೆ ಹೊರಬಂತು. ಓಣಿಯ ಕೋಳಿಗಳಿಗೆ ಸುದ್ದಿ ಮುಟ್ಟಿತು. ಹೊತ್ತು ಏರಿ ಎಂಟು ಗಂಟೆಯಾಗುವಾಗ ಅಂಗಳದಲ್ಲಿ ಒಣಗಿದ ದಾರದ ತುಂಡುಗಳಂಥವು ಮಾತ್ರ ಬಿದ್ದಿದ್ದವು.

"ಖರೇ ಹೇಳ್ತೇನ್ರಿ, ನಾ ಅಳ್ಳಿಲ್ಲ. ಅಳೂಕೂ ಬರಲಿಲ್ಲ. ಬಾಯಿ ತಕ್ಕೊಂಡು ಹಂಗ ನಿಂತಿದ್ದೆ" ಎನ್ನುತ್ತಾಳೆ.

ನಿಂತವಳ ಕಣ್ಣು ಪಕ್ಕದ ಮನೆಯತ್ತ ಹೋಯಿತು. ಪಕ್ಕದ ಮನೆ ಅಂದರೆ ಬೇರೆಯವರದಲ್ಲ, ಕೊಟ್ರಪ್ಪನ ತಮ್ಮ ಲಕ್ಕಪ್ಪನದು. ಒಂದೇ ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿದ್ದು. ಲಕ್ಕಪ್ಪನ ಹೆಂಡತಿ ಸಿದ್ದವ್ವ ಫಕ್ಕೀರವ್ವನಿಗೆ ನೆಗೆಣ್ಣಿ. ಹಿಂದಿನ ಸಂಜೆ ಹೊಲಿದ ಕುಪ್ಪಸ ಕೊಡಲು ಬಂದವಳು ಗ್ವಾದಲಿಯೊಳಗೆ ಇಣುಕಿ, ಯಕ್ಕಾ, ಎಷ್ಟ ದಪ್ಪ ಆಗ್ಯಾವಲ್ಲ, ಎಂದಿದ್ದಳು. ಅಷ್ಟೇ ಸಾಕಾಯಿತು. ಕಣ್ಣು ಹಾಕಿದಳೋ, ಉಪ್ಪು ಎರಚಿದಳೋ, ಇವಳದೇ ಕೆಲಸ! ಫಕ್ಕೀರವ್ವ ಓಣಿಯ ನಡುವೆ ನಿಂತು ಬಾಯಿ ಮಾಡಿದಳು. ಕಡೆಗೆ ಮಣ್ಣು ತೂರಿ ಅದೇ ಬೈಗುಳ ಬೈದಳು: "ನಿನ್ನ ಬಾಯಾಗ ಹುಳ ಬೀಳ್ಲಿ!"

ಹುಳವನ್ನೇ ಮಕ್ಕಳ ಹಾಗೆ ಸಾಕಿದವಳ ಬಾಯಿಂದ ಬಂದ ಮಾತು ಇದು. ಸಿದ್ದವ್ವ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಯಕ್ಕಾ, ನಾ ಏನೂ ಮಾಡಿಲ್ಲ" ಎಂದಳು. ಬಾಗಿಲು ಹಾಕಿಕೊಂಡಳು. ಅಂದಿನಿಂದ ಅಣ್ಣತಮ್ಮಂದಿರು ಒಂದೇ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಾರೆ, ನೆಗೆಣ್ಣಿಯರ ನಡುವೆ ಮಾತಿಲ್ಲ.

ಮೂರನೆಯ ದಿನ ಮಹೇಶ್ವರಿ ಬಂದಳು. ಗ್ವಾದಲಿ ನೋಡಿದಳು, ಸಗಣಿ ಮುಟ್ಟಿದಳು, ಏನೂ ತಪ್ಪು ಕಾಣಲಿಲ್ಲ. ಮೂಲೆಯಲ್ಲಿದ್ದ ಚೀಲ ಎತ್ತಿದವಳೇ ಸೀನಿ, ಕಣ್ಣು ಉಜ್ಜಿಕೊಂಡು, "ಅವ್ವಾ, ಇದನ್ನ ಹೊದಸಿದ್ರೇನು?" ಎಂದಳು. ಬದುಕಿ ಉಳಿದಿದ್ದ ಒಂದು ಹುಳವನ್ನು ತೆಗೆದು ಹಸಿ ಚೀಲದ ಮೇಲಿಟ್ಟಳು. ಅದು ಕೆಂಡದ ಮೇಲೆ ಬಿದ್ದಂತೆ ಎದ್ದೆದ್ದು ಹೊರಳಿತು. ಹುಳಕ್ಕೆ ಮೈಯೆಲ್ಲ ಬರಿ ಚರ್ಮ. ಚೀಲದ ಎಳೆಯೊಳಗೆ ಕುಳಿತಿದ್ದ ಮೆಣಸಿನ ಪುಡಿ ನೀರು ಬಿದ್ದು ಕರಗಿ ಅವುಗಳ ಮೈಮೇಲೆ ಇಳಿದಿತ್ತು.

ಫಕ್ಕೀರವ್ವ ಆ ಚೀಲವನ್ನು ಮೂಗಿಗೆ ಒತ್ತಿ ಹಿಡಿದು ಉಸಿರು ಎಳೆದಳು. ಮತ್ತೆ ಎಳೆದಳು. ತಟ್ಟಿನ ವಾಸನೆ ಬಿಟ್ಟರೆ ಏನೂ ಇಲ್ಲ.

"ಆವತ್ತ ಗೊತ್ತಾತ್ರಿ, ನನ್ನ ಮೂಗು ಸತ್ತೈತಿ ಅಂತ. ಯಾವಾಗ ಸತ್ತಿತ್ತೋ ಏನೋ. ಇನ್ನ ಬ್ಯಾಡಗಿ ಸುತ್ತ ಚೀಲ ಅಂದ್ರ ಮೆಣಸಿನಕಾಯಿ ಚೀಲನ. ಬ್ಯಾರೇದೊಂದು ಚೀಲ ಜಗತ್ತಿನ್ಯಾಗ ಇರ್ತೈತಿ ಅನ್ನೂದು ತಲಿಗೆ ಹೊಳೀಲಿಲ್ಲ. ನನ್ನ ಕೈಲೆ ನಾನ ಕೊಂದ್ನಿ. ಮ್ಯಾಲ ಆಕಿನ್ನ ಬೈದ್ನಿ."

ಬೈದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಹೋಗಲಿಲ್ಲವೇ? ಫಕ್ಕೀರವ್ವ ತಲೆ ತಗ್ಗಿಸುತ್ತಾಳೆ. "ಎಲ್ಲಾರ ಮುಂದ ಬೈದು, ಯಾವ ಮಾರಿ ಇಟಗೊಂಡು ಹೋಗ್ಲಿ? ಇವತ್ತ ಹೋಗ್ತೇನಿ, ನಾಳಿಗೆ ಹೋಗ್ತೇನಿ ಅನಕೊಂತ ಎರಡ ವರ್ಷ ಆತು." ತಪ್ಪು ಮಾಡುವುದಕ್ಕೆ ಒಂದು ಗಳಿಗೆ ಸಾಕು, ಒಪ್ಪಿಕೊಳ್ಳಲು ಎರಡು ವರ್ಷವೂ ಸಾಲದು. ಈ ವಿಷಯದಲ್ಲಿ ಫಕ್ಕೀರವ್ವ ನಮ್ಮ ನಿಮ್ಮ ಹಾಗೆಯೇ.

ಅರ್ಧ ಕಿಲೋ ಹುಳದಿಂದ ಮತ್ತೆ ಶುರುಮಾಡಿದಳು. ಈ ಸಲ ಚೀಲ ರಾಣೆಬೆನ್ನೂರಿನಿಂದ. ಗೋದಿಯದು, ಅಕ್ಕಿಯದು ಎಂದು ಮಾರುವವನು ಆಣೆ ಮಾಡುತ್ತಾನೆ. ಆದರೆ ಹಳೆ ಚೀಲಕ್ಕೆ ಎಷ್ಟು ಜನ್ಮವೋ ಯಾರು ಬಲ್ಲರು? ಮೂರು ನೀರಿನಲ್ಲಿ ತೊಳೆದು, ಹಿತ್ತಲಿನಲ್ಲಿ ಎರಡೂ ಮನೆಗೆ ನಡುವೆ ಇರುವ ಎದೆಯೆತ್ತರದ ಗೋಡೆಯ ಮೇಲೆ ಒಣಹಾಕಿ, ಕೋಲಿನಿಂದ ಬಡಿದಳು. ಗೋಡೆಯಾಚೆಯಿಂದ ಸದ್ದು ಬಂತು: ಆಕ್ಷೀ! ಮತ್ತೊಮ್ಮೆ: ಆಕ್ಷೀ!

ಅಣಕಿಸುತ್ತಿದ್ದಾಳೆ ಎಂದು ಫಕ್ಕೀರವ್ವನಿಗೆ ಮೊದಲು ಮೈ ಉರಿಯಿತು. ಆಮೇಲೆ ನೆನಪಾಯಿತು. ಐರಣಿಯ ಹೊಳೆ ದಂಡೆಯಿಂದ ಸೊಸೆಯಾಗಿ ಬಂದ ಸಿದ್ದವ್ವ ಮೆಣಸಿನಕಾಯಿ ಕೆಲಸಕ್ಕೆ ಹೋದದ್ದು ಜನ್ಮದಲ್ಲಿ ಒಂದೇ ದಿನ. ಮಧ್ಯಾಹ್ನದೊಳಗೆ ನಲವತ್ತು ಸೀನು ಸೀನಿ, ಕಣ್ಣು ಊದಿಸಿಕೊಂಡು, ಇನ್ನೊಬ್ಬರ ಹೆಗಲ ಮೇಲೆ ಮನೆಗೆ ಬಂದಿದ್ದಳು. ಅಂದಿನಿಂದ ಹೊಲಿಗೆ ಹಿಡಿದಳು. ಊರು ಆಕೆಗೆ 'ಸೀನು ಸಿದ್ದವ್ವ' ಎಂದು ಹೆಸರಿಟ್ಟಿತು. ಫಕ್ಕೀರವ್ವ ಆ ಚೀಲದ ಮೂಲೆಯನ್ನು ಹಸಿ ಮಾಡಿ ಎರಡು ಹುಳ ಬಿಟ್ಟು ನೋಡಿದಳು. ಎರಡೂ ಹೊರಳಿದವು. ಸೀನು ಬಾರದ ಚೀಲದ ಮೇಲೆ ಬಿಟ್ಟಳು. ಮೆಲ್ಲಗೆ ಹರಿದು ಎಳೆಯೊಳಗೆ ಮುಖ ತೂರಿಸಿದವು. ಚೀಲಚೀಲಕ್ಕೂ ಹುಳ ಬಿಟ್ಟು ನೋಯಿಸಲು ಮನಸ್ಸಾಗಲಿಲ್ಲ. ಓಣಿಯ ಮಕ್ಕಳಿಂದ ಮೂಸಿಸಿದಳು, ಬಂದುಹೋದವರಿಂದ ಮೂಸಿಸಿದಳು. ತೊಳೆದ ಚೀಲದ ಘಾಟು ಯಾರಿಗೂ ಹತ್ತಲಿಲ್ಲ. ಹೊಲಿಗೆಯ ಸಂದಿಯಲ್ಲಿ ಚಿಟಿಕೆ ಪುಡಿ ಇದ್ದರೂ ಹಿಡಿಯುವ ಮೂಗು ಊರಲ್ಲಿ ಒಂದೇ.

ಪರೀಕ್ಷೆ ಅಂದರೆ ಇದೇ. ಚೀಲ ಗೋಡೆಗೆ ಹಾಕಬೇಕು, ಎರಡು ಏಟು ಬಡಿಯಬೇಕು, ಉಸಿರು ಬಿಗಿಹಿಡಿದು ಕಿವಿ ಕೊಡಬೇಕು. ಒಂದು ಸೀನು ಬಂದರೆ ಮತ್ತೆ ತೊಳೆಯಬೇಕು. ಎರಡು ಬಂದರೆ ಚೀಲ ತಿಪ್ಪೆಗೆ. ಲೋಕಕ್ಕೆ ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ. ಫಕ್ಕೀರವ್ವನ ಪಂಚಾಂಗದಲ್ಲಿ ಸೀನೇ ಇಲ್ಲದ್ದು ಶುಭ. ಎರಡು ವರ್ಷ ಹೀಗೆ ದಾಟಿವೆ. ಹುಳ ಹನ್ನೊಂದು ಕಿಲೋ ಆಗಿವೆ. ಸುತ್ತಿನ ಅರವತ್ತಕ್ಕೂ ಹೆಚ್ಚು ರೈತರು ಇಲ್ಲಿಂದ ಬೀಜದ ಹುಳ ಒಯ್ದಿದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ಈಕೆಯ ಹೆಸರೂ ಗೊತ್ತಿಲ್ಲ. "ಹುಳದವ್ವ ಎಲ್ಲದಾಳ?" ಎಂದು ಕೇಳಿಕೊಂಡು ಬರುತ್ತಾರೆ.

ಇದೆಲ್ಲ ಸಿದ್ದವ್ವನಿಗೆ ಗೊತ್ತೇ ಎಂದರೆ ಫಕ್ಕೀರವ್ವ ಹೌಹಾರಿ ದನಿ ತಗ್ಗಿಸುತ್ತಾಳೆ. "ಇಲ್ರಿ, ಇಲ್ರಿ, ನಮ್ಮೂರ ಹಣಮಪ್ಪ ಕಾಂತೇಶನ ಆಣಿ. ಗೊತ್ತಾದ್ರ ಮೂಗು ಮುಚಗೊಂಡ ಕುಂದರ್ತಾಳ. ಆಕಿ ಸೀನೂದು ಬಿಟ್ಳು ಅಂದ್ರ ನಾ ಮತ್ತ ಟಂಟಂ ಹತ್ತಬೇಕಾಕ್ಕೈತಿ."

ಏಳು ಗಂಟೆ. ಬಿಸಿಲು ಈಗಲೇ ಚುರುಗುಟ್ಟುತ್ತಿದೆ. ಫಕ್ಕೀರವ್ವ ಹತ್ತು ಚೀಲದ ಕಟ್ಟನ್ನು ಹಿತ್ತಲಿಗೆ ತಂದು ಮೊದಲನೆಯದನ್ನು ಗೋಡೆಗೆ ಹಾಕುತ್ತಾಳೆ. ಬಡಿಯುತ್ತಾಳೆ. ನಿಲ್ಲುತ್ತಾಳೆ. ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿದೆ, ಸೀನಿಲ್ಲ. ಎರಡನೆಯದು, ಸೀನಿಲ್ಲ. ಮೂರು, ನಾಲ್ಕು, ಐದು. ಇಷ್ಟು ಒಳ್ಳೆಯ ಕಟ್ಟು ಯಾವತ್ತೂ ಬಂದಿರಲಿಲ್ಲ. ಹತ್ತನೆಯದೂ ಸುಮ್ಮನೆ ದಾಟಿದಾಗ ಆಕೆಯ ಮುಖ ಅರಳುತ್ತದೆ.

"ಹತ್ತಕ್ಕ ಹತ್ತೂ ಪಾಸ್ ನೋಡ್ರಿ! ನೀವು ಬಂದ ಕಾಲ್ಗುಣ ಚಲೋ ಐತಿ."

ಚೀಲಗಳನ್ನು ನೀರಲ್ಲಿ ಅದ್ದಿ, ಹಿಂಡಿ, ಒಳಗೆ ಹೊತ್ತು ತರುತ್ತಾಳೆ. ಗ್ವಾದಲಿಯ ಮೇಲಿನ ಹಳೆಯ ಕೊಳೆತ ತಟ್ಟನ್ನು ಕಿತ್ತೊಗೆಯುತ್ತಾಳೆ. ಬೆಳಕು ತಾಗಿದ್ದೇ ಹುಳಗಳು ಸರಸರನೆ ಒಳಗಿಳಿಯುತ್ತವೆ. ಹೊಸ ಚೀಲವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಇನ್ನೇನು ಹೊದಿಸಬೇಕು, ತಲೆಬಾಗಿಲ ಚಿಲಕ ಕಿರ್ ಎನ್ನುತ್ತದೆ.

"ಯಕ್ಕಾ, ಆ ಚೀಲ ಹಾಕಬ್ಯಾಡ!"

ಹೊಸ್ತಿಲಲ್ಲಿ ಸಿದ್ದವ್ವ ನಿಂತಿದ್ದಾಳೆ. ಕೊರಳಲ್ಲಿ ಅಳತೆಯ ಪಟ್ಟಿ, ಕಂಕುಳಲ್ಲಿ ಮಡಿಸಿದ ಕೌದಿ. ಮೂಗು ಕೆಂಪಾಗಿ ಸೋರುತ್ತಿದೆ. ಕಟ್ಟೆಯ ಮೇಲಿದ್ದ ಕೊಟ್ರಪ್ಪನ ಕೈಯಲ್ಲಿನ ಎಲೆ ಅಡಿಕೆ ಅಲ್ಲೇ ನಿಂತುಬಿಟ್ಟಿದೆ.

"ನಂಗ ಮೂರ ದಿನಾತು ನೆಗಡಿ. ಏನೂ ವಾಸನಿ ಬರವಲ್ದು. ಇವತ್ತ ನನ್ನ ಮೂಗು ನಂಬಬ್ಯಾಡ."

ಫಕ್ಕೀರವ್ವನ ಕೈಯಲ್ಲಿನ ಚೀಲದಿಂದ ನೀರು ಅವಳದೇ ಪಾದದ ಮೇಲೆ ತೊಟ್ಟಿಕ್ಕುತ್ತಿದೆ. ಆಕೆಗೆ ಅದು ತಿಳಿದಂತಿಲ್ಲ. "ನಿನಗ... ನಿನಗ ಗೊತ್ತಿತ್ತೇನ?"

"ಗೊತ್ತಾಗದ ಏನು? ಹಿತ್ತಲದಾಗ ಅಷ್ಟುದ್ದ ತಂತಿ ಇದ್ರೂ ಚೀಲ ತಂದು ನನ್ನ ಗ್ವಾಡಿಗೇ ಬಡೀತಿದ್ದಿ. ಬಡದು ಕಳ್ಳರಂಗ ಕಿವಿಗೊಟ್ಟು ನಿಲ್ತಿದ್ದಿ. ಅದಕ್ಕ ಹೊಲಿಯೂ ಮಷಿನ್ ಹಿತ್ತಲಿಗೆ ತಂದಿಟ್ಟೀನಿ. ಇಲ್ಲಾಂದ್ರ ನಡುಮನಿಗೆ ಹ್ಯಾಂಗ ಬರ್ತೈತಿ ಘಾಟು?"

ಎರಡು ವರ್ಷ ಮಾತು ಬಿಟ್ಟವಳು ಹೀಗೇಕೆ ಮಾಡಿದಳು ಎಂದು ಕೇಳಿದರೆ ಸಿದ್ದವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಮಾತು ಬಿಟ್ಟಿದ್ದೆ ಖರೇ ರೀ. ಹುಳಾ ಏನ ಮಾಡಿದ್ವು?" ಎನ್ನುತ್ತಾಳೆ. ಕಂಕುಳಿನ ಕೌದಿಯನ್ನು ತೆಗೆದು ಗ್ವಾದಲಿಯ ಅಂಚಿಗೆ ಇಡುತ್ತಾಳೆ. "ಇದನ್ನ ತೊಯ್ಸಿ ಹಾಕು. ನಮ್ಮವ್ವನ ಹಳೇ ಸೀರಿವು, ಐರಣಿಯವು. ಮೆಣಸಿನಕಾಯಿ ಮಾರಿ ಕಂಡಿಲ್ಲ."

ಫಕ್ಕೀರವ್ವ ಕೈಯಲ್ಲಿನ ಚೀಲವನ್ನು ಕೆಳಗೆ ಹಾಕುತ್ತಾಳೆ. "ನಾ ಆವತ್ತ ಅಂದದ್ದು ತಪ್ಪಾತು, ಸಿದ್ದವ್ವ" ಎಂಬ ಮಾತು ಕಡೆಗೂ ಹೊರಬರುವಾಗ ಅವಳಿಗೆ ಅಳು ಬಂದಿದೆ. ಹುಳ ಸತ್ತ ದಿನ ಬಾರದಿದ್ದ ಅಳು ಅದು, ತಡೆಯಲು ಆಗುವುದಿಲ್ಲ. ಸಿದ್ದವ್ವ ಅದನ್ನು ಕಂಡೂ ಕಾಣದವಳ ಹಾಗೆ ಕೌದಿಯ ಒಂದು ತುದಿ ಹಿಡಿದು, ಬಕೆಟ್ಟಿಗೆ ಅದ್ದಿ, ಹಿಡಿ ಆ ಕಡೆ, ಎನ್ನುತ್ತಾಳೆ. ಇಬ್ಬರೂ ಸೇರಿ ಹಿಂಡುತ್ತಾರೆ. ಬಣ್ಣಬಣ್ಣದ ತೇಪೆಯ ಕೌದಿ ಎರಡು ಗ್ವಾದಲಿಗೆ ಸಾಲುತ್ತದೆ. ಉಳಿದೆರಡಕ್ಕೆ ಸಿದ್ದವ್ವ ಇನ್ನೊಂದು ತರಲು ಹೊರಡುತ್ತಾಳೆ.

ಹೊರಗೆ ಹತ್ತು ಗಂಟೆಯ ಬಿಸಿಲು. ನಾವು ಹೊರಡುವ ಮುನ್ನ ಫಕ್ಕೀರವ್ವನನ್ನು ಕೇಳಿದ್ದಾಯಿತು: ನಿಮ್ಮದೇನಾದರೂ ಆಸೆ ಇದೆಯೇ, ತೊಟ್ಟಿ, ನೆರಳುಪರದೆ, ಸರಕಾರದ ಸಹಾಯ? ಆಕೆ ಕಣ್ಣೊರೆಸಿಕೊಂಡು, ಕೌದಿಯ ಕೆಳಗೆ ಕೈ ಹಾಕಿ ತಣ್ಣಗಿದೆಯೇ ಎಂದು ನೋಡಿ, ಪಕ್ಕದ ಮನೆಯ ಬಾಗಿಲತ್ತ ಕತ್ತು ತಿರುಗಿಸುತ್ತಾಳೆ.

"ಆಕಿ ನೆಗಡಿ ಲಗೂ ಆರಾಮ ಆಗ್ಲಿ ಅಷ್ಟ ರೀ. ಇನ್ನೂ ಮೇ ತಿಂಗಳು ಪೂರ್ತಿ ಐತಿ."